ಮೊನ್ನೆ 1480, ಇವತ್ತು 1290: ಇದರಲ್ಲಿ ನಾನು ಯಾವುದು?

ಪ್ರಶ್ನೆ: ಸರ್, ನನಗೆ 36 ವರ್ಷ. ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕಾಲೇಜಿನ ದಿನಗಳಿಂದ ಚೆಸ್ ಹುಚ್ಚು. ಆನ್‌ಲೈನ್‌ನಲ್ಲಿ 10 ನಿಮಿಷದ ಆಟ ಆಡುತ್ತೇನೆ, ದಿನಕ್ಕೆ ಏಳೆಂಟು, ಹೆಚ್ಚಾಗಿ ರಾತ್ರಿ 11ರ ಮೇಲೆ. ಕಳೆದ ತಿಂಗಳು ಅಲ್ಲಿ ನನ್ನ ರೇಟಿಂಗ್ (ಆಟದ ಮಟ್ಟ ಹೇಳುವ ಅಂಕಿ) 1480 ಮುಟ್ಟಿತ್ತು. ಮೂರೇ ವಾರದಲ್ಲಿ 1290ಕ್ಕೆ ಬಂದೆ. ಈಗ 1400ರ ಆಸುಪಾಸಿನಲ್ಲಿ ಒದ್ದಾಡುತ್ತಿದ್ದೇನೆ. ಟೂರ್ನಮೆಂಟ್ ಆಟಗಳಿಗೆ ಫಿಡೆ (ವಿಶ್ವ ಚೆಸ್ ಸಂಸ್ಥೆ) ಕೊಟ್ಟ ರೇಟಿಂಗ್ 1652. ಹೋದ ಟೂರ್ನಮೆಂಟ್‌ನಲ್ಲಿ 1790 ಇದ್ದವರೊಬ್ಬರನ್ನು ಚೆನ್ನಾಗಿ ಆಡಿ ಸೋಲಿಸಿದೆ. ಮರುದಿನ ಬೆಳಗ್ಗೆ 1454 ಇರುವ ಒಂಬತ್ತು ವರ್ಷದ ಹುಡುಗಿಗೆ ಸೋತೆ. ಓಪನಿಂಗ್ (ಆಟ ಶುರುಮಾಡುವ ನಡೆಗಳ ಕ್ರಮ) ಮೂರು ಸಲ ಬದಲಾಯಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ. ನನ್ನ ನಿಜವಾದ ಮಟ್ಟ ಯಾವುದು? ಮುಂದಿನ ತಿಂಗಳ ಟೂರ್ನಮೆಂಟ್‌ಗೆ ಫೀಸ್ ಕಟ್ಟಲೋ ಬೇಡವೋ?

ಉತ್ತರ: ಮೊದಲು ಆ ಎರಡು ಆಟಗಳ ಲೆಕ್ಕ ಮುಗಿಸಿಬಿಡೋಣ. ಅಕೌಂಟ್ಸ್‌ನವರು ನೀವು, ಬೇಜಾರಾಗಲಿಕ್ಕಿಲ್ಲ.

ನಿಮಗಿಂತ 138 ಮೇಲಿರುವವರ ಜೊತೆ ಆಡಲು ಕೂತಾಗ ಫಿಡೆ ಕೋಷ್ಟಕ ನಿಮ್ಮಿಂದ ನಿರೀಕ್ಷಿಸುವುದು 0.31 ಅಂಕ (ಗೆದ್ದರೆ 1, ಡ್ರಾ ಆದರೆ ಅರ್ಧ, ಸೋತರೆ ಸೊನ್ನೆ). ಗೆದ್ದಿರಿ, 1 ಸಿಕ್ಕಿತು. ಒಂದು ಫಲಿತಾಂಶಕ್ಕೆ ರೇಟಿಂಗ್ ಎಷ್ಟು ಅಲ್ಲಾಡಬೇಕು ಅಂತ ಫಿಡೆ ಇಟ್ಟಿರುವ ಗುಣಕಕ್ಕೆ ಕೆ ಸಂಖ್ಯೆ ಅನ್ನುತ್ತಾರೆ, ನಿಮ್ಮದು 20. ಹೆಚ್ಚಿಗೆ ಬಂದ 0.69ನ್ನು ಅದರಿಂದ ಗುಣಿಸಿದರೆ 13.8. ಅಷ್ಟು ಜಮಾ. ಆ ಹುಡುಗಿ ನಿಮಗಿಂತ 198 ಕೆಳಗೆ. ಅಲ್ಲಿ ನಿಮ್ಮಿಂದ ನಿರೀಕ್ಷೆ 0.76. ಸಿಕ್ಕಿದ್ದು ಸೊನ್ನೆ. 0.76ನ್ನು 20ರಿಂದ ಗುಣಿಸಿದರೆ 15.2. ಅಷ್ಟು ಖರ್ಚು. ಎರಡೂ ಸೇರಿ ನಿಮ್ಮ ಕೈ ಬಿಟ್ಟು ಹೋಗಿದ್ದು 1.4 ರೇಟಿಂಗ್ ಅಂಕ.

ಒಂದು ರಾತ್ರಿ ನಿದ್ದೆ ಬಾರದಷ್ಟು ಖುಷಿ, ಮರುದಿನ ಊಟ ಸೇರದಷ್ಟು ಬೇಸರ. ಖಾತೆಯಲ್ಲಿ ನೋಡಿದರೆ ಒಂದೂವರೆ ಅಂಕದ ವ್ಯವಹಾರ! ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ. ಇನ್ನರ್ಧ ಅಷ್ಟು ಸಲೀಸಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಈ ರೇಟಿಂಗ್ ಪದ್ಧತಿ ಮಾಡಿದವರು ಅರ್ಪಾದ್ ಎಲೋ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ, ಮಿಲ್ವಾಕಿಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಮೇಷ್ಟ್ರು. ಅವರೂ ಒಳ್ಳೆಯ ಆಟಗಾರರೇ. ಅಮೆರಿಕದ ಚೆಸ್ ಫೆಡರೇಷನ್ 1960ರಲ್ಲಿ ಇವರ ಪದ್ಧತಿ ಹಿಡಿಯಿತು, ಫಿಡೆ 1970ರಲ್ಲಿ. ಎಲೋ ಒಂದು ಮಾತು ಮೊದಲೇ ಒಪ್ಪಿಕೊಂಡು ಲೆಕ್ಕ ಶುರುಮಾಡಿದ್ದರು. ಯಾವ ಆಟಗಾರನೂ ಎಲ್ಲ ದಿನ ಒಂದೇ ಮಟ್ಟದಲ್ಲಿ ಆಡುವುದಿಲ್ಲ. ಒಂದೊಂದು ಆಟದ ಮಟ್ಟ ಅವನ ಸರಾಸರಿಯ ಸುತ್ತ ಹರಡಿಕೊಂಡಿರುತ್ತದೆ, ಮತ್ತು ಆ ಹರವು ಸುಮಾರು 200 ಅಂಕ.

ಇದನ್ನು ನಿಮ್ಮ 1652ಕ್ಕೆ ಹಚ್ಚಿ ನೋಡಿ. ಮೂರರಲ್ಲಿ ಎರಡು ಆಟ ನೀವು 1450ರಿಂದ 1850ರ ಒಳಗೆ ಎಲ್ಲೋ ಒಂದು ಕಡೆ ಆಡುತ್ತೀರಿ. ಆರರಲ್ಲಿ ಒಂದು ಆಟ 1850ಕ್ಕೂ ಮೇಲಿನವರ ಹಾಗೆ. ಇನ್ನೊಂದು ಆಟ 1450ಕ್ಕೂ ಕೆಳಗಿನವರ ಹಾಗೆ. ಒಂಬತ್ತು ರೌಂಡ್‌ನ ಟೂರ್ನಮೆಂಟ್ ಅಂದರೆ ಇಂಥ ಒಂದೆರಡು ಕೆಟ್ಟ ಆಟ ಲೆಕ್ಕದಲ್ಲೇ ಬರೆದಿಟ್ಟ ಹಾಗೆ. ಆ ಹುಡುಗಿಯ ಎದುರು ಬಂದದ್ದು ಅಂಥದ್ದೇ ಒಂದು. ಅದೇ ದಿನ ಅವಳದ್ದು ಒಳ್ಳೆಯ ಆಟವಾಗಿದ್ದರೆ ಮುಗಿದೇ ಹೋಯಿತು.

ಎಲೋ ತಮ್ಮ ಕೆಲಸದ ಬಗ್ಗೆ ತಾವೇ ತಮಾಷೆ ಮಾಡಿಕೊಂಡಿದ್ದರು. ಗಾಳಿಗೆ ತೂಗಾಡುವ ಹಗ್ಗಕ್ಕೆ ಅಳತೆಕೋಲು ಕಟ್ಟಿ, ಅಲೆಯ ಮೇಲೆ ಕುಣಿಯುವ ಬಿರಡೆಯ ಎತ್ತರ ಅಳೆದ ಹಾಗೆ ಇದು, ಅಂತ. ಪದ್ಧತಿ ಕಟ್ಟಿದ ಮನುಷ್ಯನೇ ಹೀಗೆ ಹೇಳಿರುವಾಗ, ನಾವು 1480ನ್ನು ಆಧಾರ್ ನಂಬರ್ ಥರ ಹಿಡಿದುಕೊಂಡು ಕೂರುತ್ತೇವೆ.

ಇನ್ನು ಆನ್‌ಲೈನ್. ಅಲ್ಲಿ ಸರಿಸಮದವರ ಎದುರು ಗೆದ್ದರೆ ಸುಮಾರು 8 ಬರುತ್ತದೆ, ಸೋತರೆ ಸುಮಾರು 8 ಹೋಗುತ್ತದೆ. ಈಗ ಒಬ್ಬ ಆಟಗಾರನನ್ನು ಊಹಿಸಿಕೊಳ್ಳಿ. ಅವನ ಮಟ್ಟ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ನಿದ್ದೆಗೆಡುವುದಿಲ್ಲ, ಸಿಟ್ಟಾಗುವುದಿಲ್ಲ, ಹೆಂಡತಿ ಕರೆದರೂ ಬೋರ್ಡ್ ಬಿಟ್ಟು ತಿರುಗುವುದಿಲ್ಲ. ಅಂಥವನ ರೇಟಿಂಗ್ ಕೂಡ ಬರೀ ಗೆಲುವು ಸೋಲುಗಳ ಆಕಸ್ಮಿಕದಿಂದಲೇ ಅವನ ನಿಜವಾದ ಮಟ್ಟಕ್ಕಿಂತ 50 ಅಂಕ ಮೇಲೆ, 50 ಅಂಕ ಕೆಳಗೆ ಆಡುತ್ತಲೇ ಇರುತ್ತದೆ. ಅಂದರೆ ನೂರು ಅಂಕದ ಏರಿಳಿತಕ್ಕೆ ಯಾವ ಕಾರಣವೂ ಬೇಕಿಲ್ಲ. ಕಾರಣ ಹುಡುಕಹೊರಟರೆ ಸುಮ್ನೆ ಒಳ್ಳೆಯ ಓಪನಿಂಗ್ ಒಂದನ್ನು ಬಲಿಕೊಡುತ್ತೀರಿ. ನೀವು ಮೂರು ಸಲ ಬಲಿಕೊಟ್ಟಿದ್ದೀರಿ ಅಂತ ಕಾಣುತ್ತದೆ.

ಸತತ ಸೋಲಿನ ಮಾತೂ ಅಷ್ಟೇ. ನಾಣ್ಯ ಚಿಮ್ಮಿ ನೋಡಿ. ನೂರು ಸಲ ಚಿಮ್ಮಿದರೆ, ಎಲ್ಲೋ ಒಂದು ಕಡೆ ಐದು ಸಲ ಒಂದರ ಹಿಂದೆ ಒಂದು ಬರೀ ಹೂವೇ ಬೀಳುವ ಸಾಧ್ಯತೆ ನೂರಕ್ಕೆ 80ಕ್ಕೂ ಜಾಸ್ತಿ. ಆರು ಸಲ ಬೀಳುವುದು ನೂರಕ್ಕೆ 54. ದಿನಕ್ಕೆ ಏಳೆಂಟು ಆಟ ಅಂದರೆ ಎರಡೇ ವಾರದಲ್ಲಿ ನೂರು ಆಟ ಮುಗಿಯುತ್ತದೆ. ಆ ನೂರರಲ್ಲಿ ಐದು ಆಟ ಸಾಲಾಗಿ ಸೋತಿರಿ ಅಂದರೆ ಗ್ರಹಚಾರವೂ ಅಲ್ಲ, ಬುದ್ಧಿ ಮಂಕಾದದ್ದೂ ಅಲ್ಲ. ನಾಣ್ಯಕ್ಕೆ ಆಗುವುದು ನಿಮಗೂ ಆಯಿತು, ಅಷ್ಟೇ. ನಿಮ್ಮ 1480 ಕೂಡ ಹೀಗೇ ಬಂದದ್ದು. ಸಾಲಾಗಿ ಗೆದ್ದ ಒಂದು ವಾರದ ಕೊನೆಯಲ್ಲಿ ಅಂಕ ಅಲ್ಲಿಗೆ ಹೋಗಿ ಮುಟ್ಟಿತು. ಅದು ಉಬ್ಬರ. ಆದರೆ ನಮ್ಮ ಮನಸ್ಸು ಉಬ್ಬರವನ್ನು ‘ನಾನು’ ಅಂತ ಬರೆದುಕೊಳ್ಳುತ್ತದೆ, ಇಳಿತವನ್ನು ‘ಏನೋ ಆಗಿದೆ’ ಅಂತ. 1480 ನಿಮ್ಮದಾದರೆ 1290ಕ್ಕೂ ಅಷ್ಟೇ ಹಕ್ಕಿದೆ, ಅಲ್ವಾ?

ದೊಡ್ಡವರಿಗೂ ಇದು ತಪ್ಪಿಲ್ಲ. ಗುಕೇಶ್ 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ವಿಶ್ವ ಚಾಂಪಿಯನ್ ಆದರು. ಒಂಬತ್ತು ತಿಂಗಳ ನಂತರ, ಸಮರ್‌ಕಂದದ ಗ್ರಾಂಡ್ ಸ್ವಿಸ್‌ನಲ್ಲಿ ಸಾಲಾಗಿ ಮೂರು ಆಟ ಸೋತರು. ಮೂವರೂ ಅವರಿಗಿಂತ ಕಡಿಮೆ ರೇಟಿಂಗ್‌ನವರು. ಅವರಲ್ಲೊಬ್ಬ 16ರ ಹುಡುಗ ಅಭಿಮನ್ಯು ಮಿಶ್ರಾ. 2400 ದಾಟಿದವರಿಗೆ ಕೆ ಸಂಖ್ಯೆ 10 ಆದ್ದರಿಂದ ಮೂರು ಸೋಲಿಗೆ ಸುಮಾರು 20 ಅಂಕ ಹೋಯಿತು. ಅದೇ ಥರದ ಮೂರು ಸೋಲು ನಿಮಗಾದರೆ 40. ಆನಂದ್ ಅವರು 2013ರ ನವೆಂಬರ್‌ನಲ್ಲಿ ತಮ್ಮ ಊರು ಚೆನ್ನೈನಲ್ಲೇ ಕಾರ್ಲ್‌ಸನ್‌ಗೆ ವಿಶ್ವ ಚಾಂಪಿಯನ್ ಪಟ್ಟ ಬಿಟ್ಟುಕೊಟ್ಟಾಗ, ಇವರ ಕಾಲ ಮುಗಿಯಿತು ಅಂದವರು ಎಷ್ಟೋ ಜನ. ಮುಂದಿನ ಮಾರ್ಚ್‌ನಲ್ಲಿ ಖಾಂಟಿ-ಮಾನ್ಸಿಸ್ಕ್‌ನ ಕ್ಯಾಂಡಿಡೇಟ್ಸ್, ಅಂದರೆ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಟೂರ್ನಮೆಂಟ್, ಗೆದ್ದವರು ಅವರೇ.

ಇಷ್ಟು ಹೇಳಿ ‘ಎಲ್ಲ ಸರಿ ಇದೆ, ಆಡ್ತಾ ಇರಿ’ ಅಂತ ಮುಗಿಸಬಹುದಿತ್ತು. ಆದರೆ ನಿಮ್ಮ ಅಂಕಿಯೇ ಬಿಡುತ್ತಿಲ್ಲ. 1480ರಿಂದ 1290 ಅಂದರೆ 190. ಆಕಸ್ಮಿಕಕ್ಕೆ ನೂರು ಕೊಟ್ಟೆ, ಇನ್ನೂ 90 ಉಳಿಯಿತು. ಆ 90 ನಿಮ್ಮದೇ. ಅದಕ್ಕೆ ರಾತ್ರಿ 11ರ ಮೇಲಿನ ಆಟಗಳ ವಾಸನೆ ಬಡಿಯುತ್ತಿದೆ.

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಬಹಳ ವರ್ಷದ ಹಿಂದಿನದು. ನಾಲ್ಕು ದಿನದ ಟೂರ್ನಮೆಂಟ್, ದಿನಕ್ಕೆ ಎರಡೆರಡು ರೌಂಡ್. ನಾಲ್ಕನೇ ರೌಂಡ್‌ನಲ್ಲಿ ನನಗೆ ಬಿಳಿ. ಒಂದು ಕುದುರೆ ಹೆಚ್ಚಿತ್ತು. ನನ್ನ ರಾಜ ಜಿ1ರಲ್ಲಿ (ಅಕ್ಷರ ಉದ್ದಸಾಲಿನದ್ದು, ಅಂಕಿ ಬಿಳಿಯ ಕಡೆಯಿಂದ ಎಷ್ಟನೇ ಅಡ್ಡಸಾಲು ಅನ್ನುವುದು), ಅದರ ಮುಂದೆ ಎಫ್2, ಜಿ2, ಎಚ್2 ಮೂರೂ ಪಾನ್ (ಕಾಲಾಳು) ಜಾಗ ಬಿಟ್ಟು ಕದಲಿರಲಿಲ್ಲ. ಕುದುರೆ ಇ5ರಲ್ಲಿ ಗತ್ತಿನಿಂದ ಕೂತಿತ್ತು. ಆನೆ ಎ1ರಲ್ಲಿ. ಎದುರಿನವರ ಆನೆ ಡಿ8ರಲ್ಲಿ, ಎ7ರಲ್ಲಿ ಒಂದು ಒಂಟಿ ಪಾನ್. ಮಧ್ಯದಲ್ಲಿ ಅಡ್ಡ ಯಾವ ಕಾಯಿಯೂ ಇಲ್ಲ. ಗಡಿಯಾರದಲ್ಲಿ ನನಗೆ 20 ನಿಮಿಷ ಬಾಕಿ.

ಎ7ರ ಪಾನ್ ಹೊಡೆದೆ. ನಾಲ್ಕೇ ಸೆಕೆಂಡ್ ಯೋಚಿಸಿದ್ದೆ.

ಎದುರಿನವರು ಆನೆಯನ್ನು ಡಿ1ಕ್ಕೆ ತಂದು ಮೆಲ್ಲಗೆ ಇಟ್ಟರು. ಮೇಟ್, ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ, ಆಟ ಮುಗಿಯಿತು. ನನ್ನ ಎ1ರ ಆನೆ ಅಷ್ಟು ಹೊತ್ತೂ ಇಡೀ ಮೊದಲ ಸಾಲನ್ನು ಕಾಯುತ್ತಿತ್ತು. ಅದನ್ನು ನಾನೇ ಎಬ್ಬಿಸಿ ಒಂದು ಪಾನ್ ತಿನ್ನಲು ಕಳಿಸಿದೆ. ಎಚ್ ಪಾನ್ ಒಂದು ಮನೆ ಮುಂದೆ ತಳ್ಳಿ ರಾಜನಿಗೆ ಕಿಟಕಿ ತೆಗೆದಿದ್ದರೆ, ಆಮೇಲೆ ನಿಧಾನವಾಗಿ ಆ ಪಾನ್ ತಿನ್ನಬಹುದಿತ್ತು. ಎಂಟು ವರ್ಷದ ಮಕ್ಕಳಿಗೆ ಮೊದಲ ತಿಂಗಳೇ ಇದನ್ನು ಹೇಳಿಕೊಡುತ್ತೇನೆ. ನನಗೆ ಗೊತ್ತಿರಲಿಲ್ಲ ಅಂತಲ್ಲ. ಆ ಹೊತ್ತಿನಲ್ಲಿ ನೋಡಲಿಲ್ಲ.

ಇದನ್ನು ಹೇಳಿದ್ದು ಆ ಮೇಟ್‌ಗಾಗಿ ಅಲ್ಲ, ಆಮೇಲಿನ ಎರಡು ರೌಂಡ್‌ಗಾಗಿ. ಸೋತ ಮೇಲೆ ಹಾಲ್‌ನಿಂದ ಹೊರಬಂದು ಟೀ ಕುಡಿಯುತ್ತಾ ನಿಂತೆ. ಸಿಕ್ಕಸಿಕ್ಕವರಿಗೆಲ್ಲ ‘ಒಂದು ಕುದುರೆ ಮೇಲಿದ್ದೆ ಮಾರಾಯ’ ಅಂತ ಅದೇ ಹಾಡು. ಮರುದಿನ ಐದನೇ ರೌಂಡ್‌ಗೆ ಕೂತಾಗ ಕೈ ಬೋರ್ಡಿನ ಮೇಲಿತ್ತು, ತಲೆ ಇನ್ನೂ ಡಿ1ರಲ್ಲೇ ಇತ್ತು. ಡ್ರಾ ಮಾಡಿಕೊಳ್ಳಬಹುದಾಗಿದ್ದ ಆಟವನ್ನು ಎಳೆದಾಡಿ ಸೋತೆ, ಹೋದ ಅಂಕ ಅಲ್ಲೇ ವಾಪಸ್ ಬರಬೇಕು ಅಂತ. ಆರನೆಯದರಲ್ಲಿ ಅದೇ ಹಟ, ಅದೇ ಫಲ. ಮೊದಲ ಸೋಲು ಕಣ್ತಪ್ಪು. ಉಳಿದೆರಡನ್ನು ನಾನೇ ದುಡ್ಡು ಕೊಟ್ಟು ಕೊಂಡೆ. ಇಸ್ಪೀಟ್ ಆಡುವವರಿಗೆ ಇದು ಚೆನ್ನಾಗಿ ಗೊತ್ತು. ಕಳೆದುಕೊಂಡ ದುಡ್ಡನ್ನು ಅದೇ ಮೇಜಿನಲ್ಲಿ, ಅದೇ ರಾತ್ರಿ ಹುಡುಕಲು ಕೂತವನು ಮನೆಗೆ ಹೋಗುವಾಗ ವಾಚೂ ಇರುವುದಿಲ್ಲ.

ಆನ್‌ಲೈನ್‌ನಲ್ಲಿ ಈ ಮೇಜು ಇನ್ನೂ ಅಪಾಯದ್ದು. ಟೂರ್ನಮೆಂಟ್‌ನಲ್ಲಿ ಎರಡು ರೌಂಡ್‌ಗಳ ನಡುವೆ ಒಂದಷ್ಟು ಹೊತ್ತಾದರೂ ಸಿಗುತ್ತದೆ. ಫೋನ್‌ನಲ್ಲಿ ಸೋತ ಕ್ಷಣವೇ ‘ಹೊಸ ಆಟ’ ಅನ್ನುವ ಗುಂಡಿ ಹೆಬ್ಬೆರಳಿನ ಕೆಳಗೇ ಇರುತ್ತದೆ. ಕಹಿ ನುಂಗುವುದಕ್ಕೆ ಮೊದಲೇ ಗಡಿಯಾರ ಓಡಲು ಶುರು. ನೀವು ಬರೆದದ್ದರಿಂದ ನನಗೆ ಕಾಣುವ ಚಿತ್ರ ಇದು: 1480ರಿಂದ ಸಹಜವಾಗಿ 1430ಕ್ಕೆ ಇಳಿದಿರಿ. ಅಷ್ಟಕ್ಕೆ ಬಿಟ್ಟಿದ್ದರೆ ಏನೂ ಇರಲಿಲ್ಲ. 1480 ‘ನನ್ನದು’ ಅಂತ ಅನಿಸಿತ್ತಲ್ಲ, ಅದನ್ನು ವಾಪಸ್ ತರಲು ಕೂತಿರಿ. 11 ಗಂಟೆಗೆ ಎರಡು ಆಟ ಅಂದುಕೊಂಡದ್ದು ಒಂದೂವರೆಯ ತನಕ ಹೋಯಿತು. ತಪ್ಪಿದ್ದರೆ ತಿದ್ದಿ.

ಊಹೆಯಲ್ಲಿ ನಿಲ್ಲಬೇಡಿ, ನಿಮ್ಮ ಹತ್ತಿರ ದಾಖಲೆ ಇದೆ. ನಿಮ್ಮ ಆಟಗಳ ಪಟ್ಟಿಯಲ್ಲಿ ದಿನಾಂಕ, ಗಂಟೆ ಎರಡೂ ಇರುತ್ತದೆ. ಆ ಮೂರು ವಾರದ ಆಟಗಳನ್ನು ಒಂದು ಎಕ್ಸೆಲ್ ಶೀಟ್‌ನಲ್ಲಿ ಹಾಕಿ. ಒಂದು ಕಾಲಂನಲ್ಲಿ ಗಂಟೆ. ಇನ್ನೊಂದರಲ್ಲಿ ಆ ದಿನದ ಎಷ್ಟನೇ ಆಟ ಅನ್ನೋದು. ಮತ್ತೊಂದರಲ್ಲಿ ಅದರ ಹಿಂದಿನ ಆಟ ಗೆದ್ದಿದ್ದೋ ಸೋತದ್ದೋ. ಕೊನೆಗೆ ಫಲಿತಾಂಶ. ದಿನದ ಮೊದಲ ಮೂರು ಆಟಗಳ ಅಂಕ ಒಂದು ಕಡೆ ಕೂಡಿಸಿ, ನಾಲ್ಕನೆಯದರಿಂದ ಮುಂದಿನದ್ದು ಇನ್ನೊಂದು ಕಡೆ. ನನ್ನ ಹತ್ತಿರ ಬರುವ ದೊಡ್ಡವರಲ್ಲಿ ಈ ಲೆಕ್ಕ ಮಾಡಿ ನೋಡಿದವರು ಹೆಚ್ಚಿನವರು ಒಂದು ವಾರ ಮಾತು ಕಡಿಮೆ ಮಾಡುತ್ತಾರೆ.

ಆ ಕೆಲಸ ಮಾಡುವಾಗಲೇ ಇನ್ನೊಂದು ಮಾಡಿ. ಸೋತ ಆಟಗಳಲ್ಲಿ ಕೊನೆಯ 30 ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಸೋಲು ಶುರುವಾದ ನಡೆ ಯಾವುದು, ಆ ನಡೆಗೆ ನೀವು ಎಷ್ಟು ಸೆಕೆಂಡ್ ಕೊಟ್ಟಿರಿ, ಏನಾಯಿತು, ಅಷ್ಟನ್ನೇ ಬರೆಯಿರಿ. ‘ಕುದುರೆ ಸುಮ್ಮನೆ ಬಿಟ್ಟೆ, 3 ಸೆಕೆಂಡ್.’ ‘ಮೇಟ್ ಕಾಣಲಿಲ್ಲ, 5 ಸೆಕೆಂಡ್.’ ‘ಸಮಯ ಮುಗಿಯಿತು.’ ‘ಓಪನಿಂಗ್‌ನಲ್ಲೇ ಸಿಕ್ಕಿಬಿದ್ದೆ.’ ಎಂಜಿನ್ (ಆಟವನ್ನು ಪರೀಕ್ಷಿಸುವ ಕಂಪ್ಯೂಟರ್ ಪ್ರೋಗ್ರಾಂ) ಕೊಡುವ ಶೇಕಡಾವಾರು ಅಂಕ ನೋಡಬೇಡಿ. ಎದುರಿನವರು ಬೇಗ ಕೈಚೆಲ್ಲಿದ ಸುಲಭದ ಆಟಕ್ಕೂ ಅದು 90 ಕೊಡುತ್ತದೆ, ಬೆವರಿಳಿಸಿದ ಒಳ್ಳೆಯ ಆಟಕ್ಕೆ 78 ಕೊಡುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ನಿಮ್ಮ ಮಟ್ಟದಲ್ಲಿ ಈ ಪಟ್ಟಿ ಹೇಗೆ ಬರುತ್ತದೆ ಅಂತ ಊಹಿಸಬಲ್ಲೆ. ಬಹುಪಾಲು ಸಾಲುಗಳಲ್ಲಿ ಒಂದೇ ನಡೆಯಲ್ಲಿ ಆದ ಅನಾಹುತ. ಗಡಿಯಾರದಲ್ಲಿ ನಾಲ್ಕು ನಿಮಿಷ ಬಾಕಿ ಇದ್ದಾಗ ಮೂರು ಸೆಕೆಂಡಿನಲ್ಲಿ ಆಡಿದ ನಡೆ. ಓಪನಿಂಗ್ ಕಾರಣಕ್ಕೆ ಸೋತದ್ದು ಒಂದೋ ಎರಡೋ. ಆದರೂ ನಾವೆಲ್ಲ ಸೋತಾಗ ಮೊದಲು ಬಯ್ಯುವುದು ಓಪನಿಂಗನ್ನೇ. ಕಾರೋ-ಕಾನ್ ಬಿಟ್ಟು ಸಿಸಿಲಿಯನ್, ಅದು ಬಿಟ್ಟು ಫ್ರೆಂಚ್. ಹೊಸ ಓಪನಿಂಗ್ ಕೈಗೆ ಕೂರಲು ತಿಂಗಳುಗಟ್ಟಲೆ ಬೇಕು. ಅಲ್ಲಿಯ ತನಕ ಅದೇ ಒಂದಷ್ಟು ಅಂಕ ತಿನ್ನುತ್ತದೆ. ಯಾವುದಾದರೂ ಒಂದು ಹಿಡಿದುಕೊಳ್ಳಿ, ಒಂದು ವರ್ಷ ಬಿಡಬೇಡಿ. ಈ ವಿಷಯಕ್ಕೆ ಇದಕ್ಕಿಂತ ಹೆಚ್ಚಿನ ಮಾತು ಬೇಡ.

ನಾನು ಇಷ್ಟು ವರ್ಷ ಮಕ್ಕಳಿಗೂ ದೊಡ್ಡವರಿಗೂ ಹೇಳಿಕೊಟ್ಟು ಕಂಡುಕೊಂಡದ್ದು ಒಂದಿದೆ. 1400 ಮತ್ತು 1700ರ ನಡುವಿನ ವ್ಯತ್ಯಾಸ ಒಳ್ಳೆಯ ನಡೆಗಳಲ್ಲಿ ಇಲ್ಲ. 1400ರವರ ಒಳ್ಳೆಯ ಆಟ ತೆಗೆದು ನೋಡಿದರೆ ಕೆಲವು ಸಲ 1900ರವರದ್ದೋ ಅನ್ನಬೇಕು, ಅಷ್ಟು ಚೆಂದ ಇರುತ್ತದೆ. ನೀವು 1790ರವರನ್ನು ಸೋಲಿಸಿದ ಆಟವೂ ಹಾಗೇ ಇದ್ದೀತು. ವ್ಯತ್ಯಾಸ ಇರುವುದು ಕೆಟ್ಟ ಆಟ ಎಷ್ಟು ಸಲ ಬರುತ್ತದೆ, ಬಂದಾಗ ಎಷ್ಟು ಕೆಟ್ಟದಾಗಿರುತ್ತದೆ ಅನ್ನುವುದರಲ್ಲಿ. ಆದರೆ ನಾವು ಅಭ್ಯಾಸ ಮಾಡುವುದೆಲ್ಲ ಒಳ್ಳೆಯ ಆಟ ಇನ್ನೂ ಒಳ್ಳೆಯದಾಗಲಿ ಅಂತ. ಕಾಯಿ ಬಲಿಕೊಟ್ಟು ಗೆಲ್ಲುವ ಕಾಂಬಿನೇಷನ್, ಕಾರ್ಲ್‌ಸನ್‌ರ ಎಂಡ್‌ಗೇಮ್. ಸೂರು ಸೋರುತ್ತಿರುವ ಮನೆಗೆ ಷೋಕೇಸ್ ಮಾಡಿಸಿದ ಹಾಗೆ.

ಸೂರು ಮುಚ್ಚುವ ಕೆಲಸಕ್ಕೆ ಬುದ್ಧಿ ಜಾಸ್ತಿ ಬೇಕಿಲ್ಲ, ಅಭ್ಯಾಸ ಬೇಕು. ಕಾಯಿ ಮುಟ್ಟುವ ಮೊದಲು ಒಂದೇ ಒಂದು ಪ್ರಶ್ನೆ: ನಾನು ಇದನ್ನು ಆಡಿದರೆ ಅವರು ಕೊಡಬಹುದಾದ ಚೆಕ್ ಯಾವುದು, ಹೊಡೆಯಬಹುದಾದ ಕಾಯಿ ಯಾವುದು? ಎರಡು ಸೆಕೆಂಡ್ ಸಾಕು. ಎಲ್ಲ ಪುಸ್ತಕದಲ್ಲೂ ಇರುವ ಮಾತು ಇದು, ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಮಾಡುವುದಿಲ್ಲ. ನಾನು ಮಕ್ಕಳಿಗೆ ಕೈ ಮೇಲೆ ಕೂರಿಸುತ್ತೇನೆ. ನಿಜವಾಗಿ, ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ಕೈ ಹೊರಗೆ ತೆಗೆಯುವಷ್ಟರಲ್ಲಿ ಕಣ್ಣು ಇನ್ನೊಂದು ಸುತ್ತು ಬೋರ್ಡ್ ನೋಡಿರುತ್ತದೆ. ಫೋನ್‌ನಲ್ಲಿ ಆಡುವ ದೊಡ್ಡವರಿಗೆ ಇದು ಆಗದು. ಅವರಿಗೆ ನಾನು ಹೇಳುವುದು 10 ನಿಮಿಷದ ಆಟ ಬಿಟ್ಟು, 15 ನಿಮಿಷಕ್ಕೆ ನಡೆಗೆ 10 ಸೆಕೆಂಡ್ ಸೇರುವ ಆಟ ಆಡಿ ಅಂತ. ಆ 10 ಸೆಕೆಂಡ್ ಇದಕ್ಕೇ ಅಂತ ಇಟ್ಟುಕೊಳ್ಳಿ. ದಿನಕ್ಕೆ ಏಳೆಂಟು ಬದಲು ಎರಡೇ ಆಟ ಆಗುತ್ತದೆ. ಆಗಲಿ.

ಮತ್ತೆ, ಸಾಲಾಗಿ ಎರಡು ಸೋತರೆ ಆ ದಿನಕ್ಕೆ ಮುಗಿಸಿ. ಮೂರು ಅಂತ ಹೇಳುವವರಿದ್ದಾರೆ. ನನ್ನ ಅನುಭವದಲ್ಲಿ ಮೂರನೆಯದಕ್ಕೆ ಕೂತವರು ಆರನೆಯದಕ್ಕೂ ಕೂರುತ್ತಾರೆ. ನಿಲ್ಲಿಸುವುದು ಕಷ್ಟವಾದರೆ ಪಜಲ್ ಬಿಡಿಸಿ. ಅದರಲ್ಲಿ ಎಷ್ಟು ತಪ್ಪಿದರೂ ಆಟದ ರೇಟಿಂಗ್ ಅಲ್ಲಾಡುವುದಿಲ್ಲ. ಲಿಚೆಸ್ ಅನ್ನುವ ಆನ್‌ಲೈನ್ ಚೆಸ್ ತಾಣದಲ್ಲಿ ರೇಟಿಂಗ್ ಕಣ್ಣಿಗೇ ಬೀಳದ ಹಾಗೆ ಮಾಡುವ ಸೆಟ್ಟಿಂಗ್ ಇದೆ, ಒಂದು ತಿಂಗಳು ಹಾಕಿ ನೋಡಬಹುದು. ಎದುರಿನವರ ಅಂಕಿ ಕಾಣದಿದ್ದರೆ 1250ರವರನ್ನು ಉಡಾಫೆಯಿಂದ ನೋಡುವುದೂ ತಪ್ಪುತ್ತದೆ, 1600ರವರಿಗೆ ಹೆದರುವುದೂ ತಪ್ಪುತ್ತದೆ.

ಇನ್ನೊಂದು ಸಣ್ಣ ವಿಷಯ, ಇದು ಗೊತ್ತಿಲ್ಲದೆ ಬಹಳ ಜನ ಗಾಬರಿಯಾಗುತ್ತಾರೆ. ಚೆಸ್.ಕಾಂನಲ್ಲಿ ರೇಟಿಂಗ್ ಲೆಕ್ಕಕ್ಕೆ ಇರುವುದು ಗ್ಲಿಕೋ ಪದ್ಧತಿ, ಲಿಚೆಸ್‌ನಲ್ಲಿ ಗ್ಲಿಕೋ-2. ಎರಡನ್ನೂ ಕಟ್ಟಿದವರು ಮಾರ್ಕ್ ಗ್ಲಿಕ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞ. ಇವುಗಳಲ್ಲಿ ನಿಮ್ಮ ಅಂಕದ ಜೊತೆ, ಆ ಅಂಕ ಎಷ್ಟು ನಂಬಬಹುದು ಅನ್ನುವ ಇನ್ನೊಂದು ಸಂಖ್ಯೆಯೂ ಒಳಗೆ ಓಡುತ್ತಿರುತ್ತದೆ. ಗಣಪತಿ ಹಬ್ಬಕ್ಕೆ ಊರಿಗೆ ಹೋಗಿ, ಅಲ್ಲಿಂದ ಆಡಿಟ್ ಗಲಾಟೆಯಲ್ಲಿ ಸಿಕ್ಕಿ, ಮೂರ್ನಾಲ್ಕು ತಿಂಗಳು ಆಡದೆ ವಾಪಸ್ ಬಂದಿರಿ ಅನ್ನಿ. ಆಗ ಅದಕ್ಕೆ ನಿಮ್ಮ ಮೇಲೆ ನಂಬಿಕೆ ಕಡಿಮೆಯಾಗಿರುತ್ತದೆ. ಮೊದಮೊದಲ ಆಟಗಳಲ್ಲಿ 8ರ ಬದಲು ಅದಕ್ಕಿಂತ ಎಷ್ಟೋ ಜಾಸ್ತಿ ಏರಿಳಿಯುತ್ತದೆ. ಲಿಚೆಸ್‌ನಲ್ಲಿ ಅಂಕದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅರ್ಥ ಅದೇ: ‘ಇದನ್ನು ಇನ್ನೂ ನಂಬಬೇಡಿ’.

ಹಾಗೇ ನಿಮ್ಮ ಆನ್‌ಲೈನ್ 1400ನ್ನೂ ಫಿಡೆಯ 1652ನ್ನೂ ಪಕ್ಕಪಕ್ಕ ಇಟ್ಟು ನೋಡಬೇಡಿ. ರೇಟಿಂಗ್ ಅನ್ನುವುದು ಆಯಾ ಗುಂಪಿನ ಒಳಗೆ ನೀವು ಎಲ್ಲಿದ್ದೀರಿ ಅನ್ನುವುದನ್ನು ಮಾತ್ರ ಹೇಳುತ್ತದೆ. ಗುಂಪು ಬೇರೆ, ಗಡಿಯಾರ ಬೇರೆ, ಶುರುಮಾಡಿದ ಅಂಕಿಯೂ ಬೇರೆ. ಫಿಡೆ ತನ್ನ ಪಟ್ಟಿಯನ್ನೇ 2024ರ ಮಾರ್ಚ್‌ನಲ್ಲಿ ತಿದ್ದಿತು. 2000ಕ್ಕಿಂತ ಕೆಳಗಿದ್ದವರಿಗೆಲ್ಲ, 2000ಕ್ಕೆ ಎಷ್ಟು ಕಡಿಮೆಯೋ ಅದರ ನೂರಕ್ಕೆ 40ರಷ್ಟು ಸೇರಿಸಿತು. 1500 ಇದ್ದವರು ರಾತ್ರೋರಾತ್ರಿ 1700 ಆದರು. ಅತಿ ಕಡಿಮೆ ರೇಟಿಂಗ್ 1000 ಇದ್ದದ್ದು 1400 ಆಯಿತು. ಅವತ್ತು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಪೇಡಾದ ಫೋಟೋ ಹಾಕಿದವರೂ ಇದ್ದರು. ಆಟ ಮಾತ್ರ ಹಿಂದಿನ ದಿನದ್ದೇ.

ಇದರಿಂದ ಆ ಒಂಬತ್ತು ವರ್ಷದ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ಪಕ್ಕದಲ್ಲಿ ಬರೆದಿದ್ದ 1454 ನೋಡಿ ‘ಈ ರೌಂಡ್ ಬಂತು’ ಅಂತ ನಿಮಗೆ ಅನಿಸಿತ್ತು, ಅಲ್ವಾ? ನಮ್ಮ ಟೂರ್ನಮೆಂಟ್‌ಗಳಲ್ಲಿ ಮಕ್ಕಳ ಅಂಕಿ ಹಳೇ ಫೋಟೋ ಇದ್ದ ಹಾಗೆ. ಫಿಡೆ ಪಟ್ಟಿ ಬರುವುದು ತಿಂಗಳಿಗೊಮ್ಮೆ, ಒಂದನೇ ತಾರೀಕು. ಅಷ್ಟರಲ್ಲಿ ಮಗು ದಿನಕ್ಕೆ ಮೂರು ಗಂಟೆ ಅಭ್ಯಾಸ ಮಾಡಿರುತ್ತದೆ. ರೇಟೆಡ್ ಆಟ ವರ್ಷಕ್ಕೆ ಕೆಲವೇ ಆಡಿದ್ದರಂತೂ ಅಂಕಿ ಇನ್ನೂ ಹಿಂದೆ ಉಳಿದಿರುತ್ತದೆ. ಇದು ಗೊತ್ತಿದ್ದೇ ಫಿಡೆ 18 ದಾಟದವರಿಗೆ, 2300 ಮುಟ್ಟುವ ತನಕ, ಕೆ ಸಂಖ್ಯೆ 40 ಕೊಟ್ಟಿದೆ. ನಿಮ್ಮಿಂದ 15.2 ಹೋದಾಗ ಅವಳಿಗೆ ಸಿಕ್ಕಿದ್ದು 30.4. ಅವಳ ನಿಜವಾದ ಮಟ್ಟ ಅವತ್ತೇ 1600 ಇದ್ದಿದ್ದರೆ ನನಗೇನೂ ಆಶ್ಚರ್ಯವಿಲ್ಲ. ನೀವು ಸೋತದ್ದು ಸರಿಸಮದವರಿಗೆ. ಬೆಲೆ ಕೊಟ್ಟದ್ದು ಮಾತ್ರ ಚೀಟಿಯ ಮೇಲೆ ಬರೆದಿದ್ದ ಅಂಕಿಗೆ.

ಮಗುವಿಗೆ ಸೋತರೆ ಮರ್ಯಾದೆ ಹೋಯಿತು ಅಂದುಕೊಳ್ಳುವವರಿಗೆ ನನ್ನದು ಒಂದೇ ಸಲಹೆ. ಆಟ ಮುಗಿದ ಮೇಲೆ ಆ ಮಗುವಿನ ಜೊತೆ ಹತ್ತು ನಿಮಿಷ ಕೂತು ಆಟ ಮತ್ತೆ ನೋಡಿ. ‘ಅಂಕಲ್, ನೀವು ಇಲ್ಲಿ ಒಂಟೆ ಇಟ್ಟಾಗಲೇ ನಂಗೆ ಗೊತ್ತಾಯ್ತು’ ಅನ್ನುತ್ತದೆ. ಎಲ್ಲಿ ಗೊತ್ತಾಯಿತು ಅಂತ ಕೇಳಿ. ಫೀಸ್ ಕಟ್ಟಿ ಕೋಚಿಂಗ್ ತಗೊಂಡರೂ ಅಷ್ಟು ನೇರವಾಗಿ ಯಾರೂ ಹೇಳುವುದಿಲ್ಲ.

ಸರಿ, ನಿಮ್ಮ ಮಟ್ಟ ಯಾವುದು? ಆನ್‌ಲೈನ್‌ನಲ್ಲಿ ಒಂದೇ ಅಂಕಿ ಹೇಳಿ ಅಂದರೆ 1390 ಅನ್ನುತ್ತೇನೆ. ಹೆಚ್ಚು ಸರಿಯಾದ ಉತ್ತರ 1340ರಿಂದ 1440. ಇದನ್ನು ತಿಳಿಯಲು ಸುಲಭದ ದಾರಿ ಇದೆ. ಪ್ರತಿ ಭಾನುವಾರ ಬೆಳಗ್ಗೆ ರೇಟಿಂಗ್ ಒಂದು ಸಲ ನೋಡಿ ಬರೆದಿಡಿ. ಎಂಟು ವಾರ ಆದ ಮೇಲೆ ಎಂಟನ್ನೂ ಕೂಡಿಸಿ ಎಂಟರಿಂದ ಭಾಗಿಸಿ. ಆಮೇಲೆ ಇನ್ನೆಂಟು ವಾರ. ಆ ಎರಡು ಸರಾಸರಿಗಳ ನಡುವೆ 60-70 ವ್ಯತ್ಯಾಸ ಕಂಡರೆ ಆಗ ಏನೋ ಬದಲಾಗಿದೆ ಅಂತ ಲೆಕ್ಕ. ಅದಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ನೀವು ತಿಂಗಳ ಲೆಕ್ಕ ಮಾಡುವವರು, ಒಂದು ದಿನದ ಕ್ಯಾಶ್ ನೋಡಿ ಕಂಪನಿ ಮುಳುಗಿತು ಅಂತ ಯಾವತ್ತಾದರೂ ಅಂದಿದ್ದೀರಾ?

ಟೂರ್ನಮೆಂಟ್‌ಗೆ ಫೀಸ್ ಕಟ್ಟಿ. 1652 ಕಾಪಾಡಿಕೊಳ್ಳಲು ಆಡದೆ ಉಳಿದವರನ್ನು ಬೇಕಾದಷ್ಟು ನೋಡಿದ್ದೇನೆ. ಮೂರು ವರ್ಷ ಬಿಟ್ಟು ಬರುತ್ತಾರೆ, ಅಂಕಿ ಹಾಗೇ ಇರುತ್ತದೆ, ಆಟ ಇರುವುದಿಲ್ಲ. ಮೊದಲ ಟೂರ್ನಮೆಂಟ್‌ನಲ್ಲೇ ನೂರು ಕಳೆದುಕೊಂಡು ಮತ್ತೆ ಮಾಯ. ಹೋಗುವ ಒಂದು ವಾರ ಮೊದಲು ಆನ್‌ಲೈನ್ ಆಟ ನಿಲ್ಲಿಸಿ. ಇಲ್ಲದಿದ್ದರೆ 90 ನಿಮಿಷದ ಗಡಿಯಾರ ಇಟ್ಟುಕೊಂಡು 10 ನಿಮಿಷದ ಆಟ ಆಡುತ್ತೀರಿ. ಸ್ಕೋರ್‌ಶೀಟ್‌ನಲ್ಲಿ ಐದು ನಡೆಗೊಮ್ಮೆ ಗಡಿಯಾರದಲ್ಲಿ ಉಳಿದ ನಿಮಿಷ ಬರೆದುಕೊಳ್ಳಿ, ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಎಲ್ಲಿ ಓಡಿದಿರಿ, ಎಲ್ಲಿ ನಿದ್ದೆ ಹೋದಿರಿ ಅನ್ನುವುದು ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಸೋತರೆ ಹಾಲ್ ಬಾಗಿಲಲ್ಲಿ ನಿಂತು ಕಥೆ ಹೇಳಬೇಡಿ, ಹೊರಗೆ ಒಂದು ಸುತ್ತು ನಡೆದು ಬನ್ನಿ. ಕಿಟಕಿ ಮುಚ್ಚಿ 300 ಜನ ಕೂತ ಹಾಲ್‌ನಲ್ಲಿ ತಲೆ ಜಡವಾಗುವುದು ನಿಮಗೊಬ್ಬರಿಗೇ ಅಲ್ಲ. ಜರ್ಮನಿಯಲ್ಲಿ ಟೂರ್ನಮೆಂಟ್ ಹಾಲ್‌ಗಳ ಗಾಳಿಯನ್ನೇ ಅಳೆದು ನೋಡಿದ್ದಾರೆ, ಗಾಳಿಯಲ್ಲಿ ಸಣ್ಣ ಧೂಳು ಹೆಚ್ಚಾದಷ್ಟೂ ಆಟಗಾರರ ತಪ್ಪು ನಡೆಗಳೂ ಹೆಚ್ಚಿದ್ದವು.

ಎರಡು ರೌಂಡ್ ಇರುವ ದಿನ ಮಧ್ಯಾಹ್ನ ಬಿರಿಯಾನಿಗೆ ಹೋಗಬೇಡಿ, ಯಾರು ಎಷ್ಟು ಕರೆದರೂ. ಮೊಸರನ್ನ ಕಟ್ಟಿಸಿಕೊಂಡು ಹೋಗಿ. ಹೋಗಿ ಬಂದ ಮೇಲೆ ಆ ಎಕ್ಸೆಲ್ ಶೀಟ್ ಮತ್ತು ಒಂಬತ್ತು ಸ್ಕೋರ್‌ಶೀಟ್ ಎರಡನ್ನೂ ಕಳಿಸಿ. ಎಷ್ಟು ಅಂಕ ಬಂತು ಅಂತ ಬರೆಯುವುದು ಬೇಡ, ನಾನು ನೋಡಿಕೊಳ್ಳುತ್ತೇನೆ.